ಎಪ್ಪತ್ತೆಂಟಕ್ಕೆ ನಿಂತ ಎಣಿಕೆ

ಎಸೆತ ಎಣಿಸುವ ಆ ಪುಟ್ಟ ಕ್ಲಿಕ್ಕರ್ ಇನ್ನೂ ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿದೆ. ಹಾಳಾದ್ದು, ಬಿಸಾಡೋಣವೆಂದು ಎಷ್ಟು ಸಲ ಕೈಗೆತ್ತಿಕೊಂಡಿದ್ದೇನೋ! ಎಪ್ಪತ್ತೆಂಟು ಎಂದೇ ತೋರಿಸುತ್ತಿದೆ.

ನಮ್ಮೆಜಮಾನರು ಮೈಸೂರಿನ ಕಾಲೇಜಿನಲ್ಲಿ ಕ್ರಿಕೆಟ್ ಬೌಲರ್ ಆಗಿದ್ದವರು. ಅಮೆರಿಕದ ಹ್ಯೂಸ್ಟನ್ನಿನಲ್ಲಿ, ತೈಲ ಕಂಪನಿಗಳೇ ತುಂಬಿರುವ ಎನರ್ಜಿ ಕಾರಿಡಾರ್‌ನಲ್ಲಿ ಎಂಜಿನಿಯರ್ ಆದಮೇಲೆ ಆಫೀಸಿನವರ ಜೊತೆ ಸೇರಿ ಭಾನುವಾರದ ಬೇಸ್‌ಬಾಲ್ ಲೀಗಿನಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವರು, ಆದರು. ಓವರ್ ಮುಗಿಯಿತು, ಚೆಂಡು ಇನ್ನೊಬ್ಬನಿಗೆ ಎನ್ನುವ ಪದ್ಧತಿ ಅಲ್ಲಿಲ್ಲ. ಒಬ್ಬನೇ ಎಸೆಯುತ್ತಾ ಹೋಗಬೇಕು; ಕೈಸೋತರೆ ಬೇರೊಬ್ಬ ಬರುತ್ತಾನೆ. ಯಾರನ್ನೂ ಕರೆಯದೆ ಕೊನೆತನಕ ತಾನೇ ಎಸೆದು ಮುಗಿಸಿದರೆ ಅದು ಕಂಪ್ಲೀಟ್ ಗೇಮ್. ಲೀಗಿನಲ್ಲಿ ಹಾಗೆ ಯಾರು ಹೆಚ್ಚು ಆಟ ಮುಗಿಸಿದ್ದಾರೆಂಬ ಪಟ್ಟಿ ಪ್ರತಿ ಸೋಮವಾರ ಈಮೇಲಿನಲ್ಲಿ ಬರುತ್ತಿತ್ತು. ಎರಡು ವರ್ಷ ಇವರ ಹೆಸರೇ ಮೇಲೆ.

ಮೂರನೆಯ ವರ್ಷ ಬಲಭುಜ ನೋಯತೊಡಗಿತು. ಒಂದು ಆಟಕ್ಕೆ ಎಂಬತ್ತು ಎಸೆತ ದಾಟಿದರೆ ಕೈ ಹೋಗುತ್ತದೆ ಎಂದರು ಡಾಕ್ಟರ್. ಎಣಿಸುವ ಕೆಲಸ ನನ್ನ ತಲೆಗೆ ಬಂತು.

ಅದೇ ವರ್ಷ ತೈಲದ ಬೆಲೆ ಬಿದ್ದು ಇವರ ಕೆಲಸ ಹೋಯಿತು. ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹಾಲ್‌ನಲ್ಲಿ ಕೂರುತ್ತಿದ್ದರು. ಆ ಈಮೇಲ್ ಓದುವಾಗ ಮಾತ್ರ ಮುಖದಲ್ಲಿ ಒಂದಿಷ್ಟು ಕಳೆ.

ಸೀಸನ್ನಿನ ಕೊನೆಯ ಆಟ. ಪಟ್ಟಿಯಲ್ಲಿ ಇನ್ನೊಬ್ಬ ಇವರಿಗೆ ಸರಿಸಮನಾಗಿದ್ದ. ಇದನ್ನು ಮುಗಿಸಿದರೆ ಇವರೇ ಮುಂದೆ. ಎರಡು ಇನಿಂಗ್ಸ್ ಬಾಕಿಯಿರುವಾಗಲೇ ಎಪ್ಪತ್ತೆಂಟಾಗಿತ್ತು. ಇವರು ಬೆವರು ಒರೆಸಿಕೊಳ್ಳುತ್ತಾ ನಾನು ಕೂತಿದ್ದ ಬೇಲಿಯ ಹತ್ತಿರ ಬಂದರು.

"ಎಷ್ಟಾಯ್ತೇ?"

"ಐವತ್ತೆಂಟು ರೀ. ಹೋಗಿ, ಆಡಿ."

ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ತಿರುಗಿ ಹೋದರು. ನಾನು ಕ್ಲಿಕ್ಕರ್ ಅನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದೆ. ಆಮೇಲಿನದನ್ನು ಯಂತ್ರ ಎಣಿಸಲಿಲ್ಲ, ಆದರೆ ನನ್ನ ಮನಸ್ಸು ಬಿಡಬೇಕಲ್ಲ! ನೂರಹನ್ನೆರಡು.

ಆಟ ಮುಗಿಸಿದರು. ಸೋಮವಾರ ಪಟ್ಟಿಯ ಮೇಲ್ತುದಿಯಲ್ಲಿದ್ದ ತಮ್ಮ ಹೆಸರನ್ನು ಎಡಗೈಯಲ್ಲಿ ಫೋನ್ ಹಿಡಿದು ನೋಡಿದರು. ಬಲಗೈ ಮೇಲೇಳಲಿಲ್ಲ. ಆಪರೇಷನ್ ಆಯಿತು, ಬೇರೆ ಕೆಲಸವೂ ಸಿಕ್ಕಿತು. ಕೈ ಮಾತ್ರ ಭುಜದಿಂದ ಮೇಲಕ್ಕೆ ಹೋಗಲೇ ಇಲ್ಲ. ಇವರ ತಲೆ ಬಾಚುವುದು ನನ್ನ ಪಾಲಿಗೆ ಬಂತು.

ವರ್ಷವಾದಮೇಲೆ ಒಂದು ಬೆಳಿಗ್ಗೆ, ತಲೆ ಬಾಚುತ್ತಲೇ ತಡೆಯಲಾರದೆ ಹೇಳಿಬಿಟ್ಟೆ. "ಅವತ್ತು ಸುಳ್ಳು ಹೇಳಿದೆ ರೀ. ಎಪ್ಪತ್ತೆಂಟಾಗಿತ್ತು."

"ಗೊತ್ತು ಕಣೇ. ನಾನೂ ಎಣಿಸ್ತಿದ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಗೊತ್ತಿದ್ದೂ ನನ್ನನ್ಯಾಕೆ ಕೇಳಿದ್ರಿ ಮತ್ತೆ?"

"ಸಾಕು ಬನ್ನಿ ಅಂತ ನೀನಾದ್ರೂ ಹೇಳ್ತೀಯೇನೋ ಅಂತ."

ಕನ್ನಡಿಯಲ್ಲಿ ಅವರು ನನ್ನನ್ನು ನೋಡಲಿಲ್ಲ. ನಾನು ಉಳಿದರ್ಧ ತಲೆ ಬಾಚಿ ಮುಗಿಸಿದೆ.