ಭಾರಕ್ಕೆ ಐದು ಜನ

ನಾಗಣ್ಣನ ಟೈರು ಅಂಗಡಿಯಲ್ಲಿ ನನಗೂ ಒಂದು ಕೆಲಸವಿತ್ತು. ಭಾರವಾಗಿ ಕೂರುವುದು.

ಜಯಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಹೊಲಿಗೆ ಅಂಗಡಿ, ಅದರ ಮೂಲೆಯಲ್ಲೇ ಎಸ್‌ಟಿಡಿ ಬೂತು. ಪಕ್ಕದಲ್ಲಿ ನಾಗಪ್ಪನವರ, ನಾನು ನಾಗಣ್ಣ ಎನ್ನುತ್ತಿದ್ದವರ, ಟೈರು ಅಂಗಡಿ. ಅಳತೆ ಬದಲಾದ ಟೈರು ಹಾಕಿದ ಯಾವ ಗಾಡಿಯನ್ನೂ ಅವರು ಹಾಗೇ ಕಳಿಸುತ್ತಿರಲಿಲ್ಲ. "ರಂಜನಕ್ಕಾ, ಒಂಚೂರು ಬನ್ನಿ, ಭಾರಕ್ಕೆ" ಎಂದು ಕೂಗುತ್ತಿದ್ದರು. ನಾನು, ಹತ್ತಿರದ ಹೋಟೆಲಿನವರೊಬ್ಬರು, ಬಸ್ಸಿಗೆ ಕಾಯುತ್ತಿದ್ದ ಯಾರೋ ಮೂವರು, ಒಟ್ಟು ಐದು ಜನ ಗಾಡಿಯೊಳಗೆ ಹತ್ತಿ ಕೂರಬೇಕು. ಮಾಲೀಕರು ಸ್ಟೇರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಬೇಕು. ನಾಗಣ್ಣ ಮುಂದಿನ ಚಕ್ರದ ಪಕ್ಕ ನೆಲದ ಮೇಲೆ ಮಲಗಿ, ಟೈರು ಒಳಗೆಲ್ಲಾದರೂ ತಾಗುತ್ತದೆಯೋ ಎಂದು ಬೆರಳಿಟ್ಟು ನೋಡುತ್ತಿದ್ದರು. ಎಲ್ಲರಿಗಿಂತ ಮೊದಲು ನನ್ನನ್ನೇ ಯಾಕೆ ಕರೆಯುತ್ತಿದ್ದರು ಎಂಬುದನ್ನು ನನ್ನನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪೇಟೆಯಲ್ಲಿ ಅವರಿಗೆ ಪುಕ್ಕಲು ನಾಗಪ್ಪ ಎಂದೇ ಹೆಸರು. ಬಿಗಿದ ಬೋಲ್ಟನ್ನು ಮತ್ತೆ ಬಿಗಿಯುವುದು, ಬಿಗಿದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕುವುದು, ಗುರುತು ಹಾಕಿದ ಮೇಲೂ ಮುಟ್ಟಿ ನೋಡುವುದು. ಒಂದು ಸಲ ಹೊರಟ ಬಸ್ಸಿನ ಹಿಂದೆ ಓಡಿ, ಅದನ್ನು ನಿಲ್ಲಿಸಿ, ನಲವತ್ತು ಜನ ಬೈಯುತ್ತಿದ್ದರೂ ಬೋಲ್ಟು ನೋಡಿಯೇ ಬಿಟ್ಟವರು. ಮುತ್ತಿನಕೊಪ್ಪದಲ್ಲಿ ಹುಟ್ಟಿ, ಚಿಕ್ಕ ವಯಸ್ಸಿಗೇ ಲಾರಿ ಕ್ಲೀನರ್ ಆಗಿದ್ದರಂತೆ. ಓಡುತ್ತಿದ್ದ ಲಾರಿಯಿಂದ ಒಂದು ಚಕ್ರ ಕಳಚಿಕೊಂಡು ಲಾರಿಗಿಂತ ಮುಂದೆ ಉರುಳಿಹೋದದ್ದನ್ನು ಕಣ್ಣಾರೆ ಕಂಡಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಚಕ್ರದ ಬೋಲ್ಟು ಬಿಗಿದದ್ದು ಅವರೇ. ಮೂವತ್ತು ವರ್ಷವಾದರೂ ಆ ಚಕ್ರ ಅವರ ತಲೆಯಿಂದ ಇಳಿದಿರಲಿಲ್ಲ.

ಎರಡು ಸಾವಿರದ ಎಂಟರ ಫೆಬ್ರವರಿ. ಶೃಂಗೇರಿ ಕಡೆಯ ತೋಟದ ದತ್ತಮೂರ್ತಿ ಭಟ್ಟರು ಬೆಳಿಗ್ಗೆ ಎಂಟಕ್ಕೇ ಬಂದರು. ಸೆಕೆಂಡ್ ಹ್ಯಾಂಡಿನಲ್ಲಿ ತಂದ ಗಿಡ್ಡ ಜೀಪಿನಂಥ ಗಾಡಿ. ಮನೆಯ ದಾರಿಯಲ್ಲಿ ಕಲ್ಲುಗಳು ಗಾಡಿಯ ಹೊಟ್ಟೆಗೆ ಬಡಿಯುತ್ತವೆ, ದೊಡ್ಡ ಟೈರು ಹಾಕಿ ಎತ್ತರ ಮಾಡಿಕೊಡು ಎಂದರು. ಟೈರುಗಳನ್ನು ಅವರೇ ಶಿವಮೊಗ್ಗದಿಂದ ತಂದಿದ್ದರು.

"ಭಟ್ರೇ, ಇದು ಎರಡು ಸೈಜ್ ದೊಡ್ಡದಾಯ್ತು. ಒಂದು ಸೈಜ್ ಆದ್ರೆ ಧೈರ್ಯ ಇತ್ತು" ಎಂದರು ನಾಗಣ್ಣ.

"ನಿಂಗೆ ಧೈರ್ಯ ಯಾವಾಗ ಇತ್ತು ಮಾರಾಯ? ಹಾಕು ಹಾಕು" ಎಂದು ಭಟ್ಟರು ನಕ್ಕರು.

ಹಾಕಿದ್ದಾಯಿತು. ಗಾಡಿ ಎದೆಯುಬ್ಬಿಸಿ ನಿಂತಿತು. ನಾಗಣ್ಣ ಎಂದಿನಂತೆ ನನ್ನನ್ನು ಕೂಗಿದರು. ನಾನು ಸೆರಗು ಸಿಕ್ಕಿಸಿಕೊಂಡು ಹತ್ತಲು ಹೋದರೆ ಭಟ್ಟರು ಅಡ್ಡ ಬಂದರು.

"ಬೇಡ ರಂಜನಾ. ನಮ್ಮಮ್ಮ ಕಟ್ಟಪ್ಪಣೆ ಮಾಡಿದಾರೆ. ಹೊಸ ಚಕ್ರ, ನಿಂಬೆಹಣ್ಣಿನ ಮೇಲೆ ಹತ್ತಿಸಿ ಪೂಜೆ ಆಗೋ ತನಕ ಡ್ರೈವರ್ ಬಿಟ್ಟು ಯಾರೂ ಕೂರಬಾರದು ಅಂತ. ನಾನೊಬ್ಬನೇ ತಗೊಂಡು ಹೋಗಿ ಪೂಜೆ ಮಾಡಿಸ್ತೇನೆ."

"ಖಾಲಿ ಗಾಡೀಲಿ ನೋಡಿದ್ರೆ ಗೊತ್ತಾಗಲ್ಲ ಭಟ್ರೇ. ಭಾರ ಬಿದ್ದಾಗ ಗಾಡಿ ಕೂರ್ತದೆ, ಆವಾಗ ಒಳಗೆ ಬ್ರೇಕಿನ ಪೈಪಿಗೆ..."

"ಅಲ್ಲ, ನಿಂಗೆ ಟೈರಿನ ಮೇಲೆ ನಂಬಿಕೆ ಇಲ್ವಾ, ನನ್ನ ಮೇಲೆ ಇಲ್ವಾ? ಇಷ್ಟು ಹೆದರೋನು ಹೂವಿನ ಅಂಗಡಿ ಇಡಬೇಕಿತ್ತು ನೋಡು!"

ನಾನೂ ಜೋರಾಗಿ ನಕ್ಕೆ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ಪ್ರಯೋಜನವಿಲ್ಲ. ನನ್ನ ನಗು ಕೇಳಿದ್ದೇ ನಾಗಣ್ಣನ ಮುಖ ಸಣ್ಣದಾಯಿತು. ಖಾಲಿ ಗಾಡಿಯ ಸ್ಟೇರಿಂಗನ್ನೇ ಎರಡೂ ಕಡೆ ತಿರುಗಿಸಿ, ಚಕ್ರಕ್ಕೂ ಪೈಪಿಗೂ ನಡುವೆ ಒಂದು ಬೆರಳಿನ ಜಾಗವಿದೆ ಎಂದು ನೋಡಿ, "ಸರಿ, ಹೊರಡಿ" ಎಂದುಬಿಟ್ಟರು.

ಹನ್ನೊಂದೂವರೆಯ ಹೊತ್ತಿಗೆ ನಾಗಣ್ಣ ಒಂದು ಹಳೇ ಟೈರನ್ನು ಉರುಳಿಸಿಕೊಂಡು ನನ್ನ ಅಂಗಡಿಗೇ ಬಂದರು. ಭಟ್ಟರ ಗಾಡಿಯಿಂದ ಬಿಚ್ಚಿದ್ದು. ಗಾಡಿಯ ಒಳಬದಿಗಿದ್ದ ಅದರ ಮಗ್ಗುಲಲ್ಲಿ ಸುತ್ತಲೂ ಕಿರುಬೆರಳಗಲದ ಪಟ್ಟಿ, ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು.

"ಸಣ್ಣ ಟೈರೇ ತಾಗ್ತಾ ಇತ್ತು ರಂಜನಕ್ಕ. ಭಾರ ಇದ್ದಾಗ ಬ್ರೇಕ್ ಪೈಪಿನ ಕ್ಲಿಪ್ಪಿಗೆ ತಾಗ್ತಾ ಇತ್ತು. ನಾನೀಗ ಎರಡು ಸೈಜ್ ದೊಡ್ಡದು ಹಾಕಿ ಕಳಿಸಿದೀನಿ. ಪೈಪು ಹರಿದ್ರೆ ಬ್ರೇಕೇ ಇಲ್ಲ."

ನಾನು ಮಷಿನ್ ಬಿಟ್ಟೆದ್ದು ಭಟ್ಟರ ಮೊಬೈಲಿಗೆ ಹಚ್ಚಿದೆ. ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಹೆಂಗಸೊಬ್ಬಳು ನಯವಾಗಿ ಹೇಳಿದಳು. ಮನೆಯ ಫೋನಿಗೆ ಹಚ್ಚಿದೆ. ಮನೆಗೆಲಸದ ಜಲಜಮ್ಮ ಎತ್ತಿಕೊಂಡರು.

"ಪೂಜೆ ಮುಗಿಸಿ, ಗಾಡಿಗೆ ಚೆಂಡುಹೂವಿನ ಹಾರ ಹಾಕ್ಕೊಂಡು ಬಂದು, ಎಲ್ರನ್ನೂ ಕೂರಿಸ್ಕೊಂಡು ಈಗಷ್ಟೇ ಹೋದ್ರು. ಹೆಬ್ರಿಯಲ್ಲಿ ನಿಶ್ಚಿತಾರ್ಥ. ಅಮ್ಮ, ಮಕ್ಕಳು ಎಲ್ಲ ಸೇರಿ ಆರು ಜನ."

ಹೆಬ್ರಿ ಎಂದರೆ ಆಗುಂಬೆ ಘಾಟಿ. ಹದಿನಾಲ್ಕು ತಿರುವು, ಒಂದೊಂದಕ್ಕೂ ಸ್ಟೇರಿಂಗ್ ಪೂರ್ತಿ ತಿರುಗಿಸಬೇಕು, ಬ್ರೇಕಿನ ಮೇಲಿಂದ ಕಾಲು ತೆಗೆಯುವ ಹಾಗಿಲ್ಲ. ನಾನು ಬಾಯಿಬಿಟ್ಟು ಹೇಳುವ ಮೊದಲೇ ನಾಗಣ್ಣ ನನ್ನ ಮುಖ ನೋಡಿ ನೆಲಕ್ಕೆ ಕೂತುಬಿಟ್ಟರು. "ಬೋಲ್ಟು ಬಿಗಿದೋನು ನಾನೇ" ಎಂದರು. ಯಾವ ಬೋಲ್ಟಿನ ಮಾತು, ಇವತ್ತಿನದೋ ಮೂವತ್ತು ವರ್ಷದ ಹಿಂದಿನದೋ, ನನಗೆ ತಿಳಿಯಲಿಲ್ಲ. ನಾನು ನಗದೆ ಹೋಗಿದ್ದರೆ ಆ ಗಾಡಿ ಭಾರ ನೋಡದೆ ಹೊರಡುತ್ತಿರಲಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಟೆಲಿಫೋನ್ ಡೈರೆಕ್ಟರಿ ತೆಗೆದು ಆಗುಂಬೆಯ ಹೆಸರುಗಳನ್ನು ಹುಡುಕಿದೆ. ಮೊದಲನೆಯದು ಸತ್ತ ನಂಬರು. ಎರಡನೆಯದು ಮರುಳಸಿದ್ದಪ್ಪ ಎನ್ನುವವರ ಹೋಟೆಲು, ಘಾಟಿಗೆ ಹೋಗುವ ರಸ್ತೆಯಲ್ಲೇ. ಬಿಳಿ ಗಾಡಿ, ದೊಡ್ಡ ಚಕ್ರ, ಮುಂದೆ ಚೆಂಡುಹೂವಿನ ಹಾರ, ಆರು ಜನ, ಬ್ರೇಕು ಹೋಗಬಹುದು, ಘಾಟಿ ಇಳಿಯಲು ಬಿಡಬೇಡಿ ಎಂದು ಒಂದೇ ಉಸಿರಿಗೆ ಹೇಳಿದೆ.

"ಗಾಡಿ ತುಂಬಾ ಹೋಗ್ತಾವಮ್ಮ. ನಾನು ಅಡುಗೆಮನೆಯಲ್ಲಿದ್ದೆ, ಹೋಯ್ತೋ ಇಲ್ವೋ ಹೇಳಕ್ಕಾಗಲ್ಲ" ಎಂದರು ಅವರು. "ಬೆಂಚು ಎಳೆದು ರಸ್ತೆಗೆ ಅಡ್ಡ ಹಾಕ್ತೀನಿ. ನಂಬರ್ ಹೇಳಿ, ಸಿಕ್ಕಿದ್ರೆ ಫೋನ್ ಮಾಡ್ತೀನಿ."

ಆಮೇಲೆ ಕಾಯುವುದು. ಎರಡು ಸಲ ಫೋನ್ ಬಡಿದುಕೊಂಡಿತು. ಒಬ್ಬರಿಗೆ ರವಿಕೆ ಸಿದ್ಧವಾಯಿತೇ ಎಂಬ ಚಿಂತೆ, ಇನ್ನೊಬ್ಬರದು ರಾಂಗ್ ನಂಬರು. ಇಬ್ಬರಿಗೂ ನಾನು ಕೆಟ್ಟದಾಗಿ ಬೈದೆ. ನಾಗಣ್ಣ ಟೈರಿನ ಆ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸುತ್ತಲೇ ಇದ್ದರು. ಬೇಡ, ನೋಡಬೇಡಿ ಎಂದು ಕಿತ್ತುಕೊಳ್ಳಲು ಹೋದರೆ ಬಿಡಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು, ಹನ್ನೆರಡಾಯಿತು, ಹನ್ನೆರಡೂ ಕಾಲಾಯಿತು. ಇಷ್ಟು ಹೊತ್ತಿಗೆ ಆಗುಂಬೆ ದಾಟಿರಬೇಕು ಎಂದು ಇಬ್ಬರಿಗೂ ಗೊತ್ತಿತ್ತು.

ಹನ್ನೆರಡೂ ಇಪ್ಪತ್ತಕ್ಕೆ ಫೋನ್ ಬಂತು. "ಸಿಕ್ಕಿದ್ರು" ಎಂದರು ಮರುಳಸಿದ್ದಪ್ಪ. "ದಾರೀಲಿ ಮಗುವಿಗೆ ವಾಂತಿ ಆಗಿ ನಿಂತಿದ್ರಂತೆ. ಭಟ್ರು ನನ್ನ ಮೇಲೆ ರೇಗಾಡ್ತಾ ಇದಾರೆ. ಬೇಗ ಬನ್ನಿ."

ಎದುರಿನ ಮೆಕ್ಯಾನಿಕ್ ವೀರಪ್ಪನ ಪಿಕಪ್ಪಿನಲ್ಲಿ ಹಳೇ ಟೈರು, ಲಿವರು, ಪಂಪು, ಹೊಸ ಪೈಪು ಹೇರಿಕೊಂಡು ಹೊರಟೆವು. ಅಂಗಡಿಗೆ ಬೀಗ ಹಾಕಿ ನಾನೂ ಹತ್ತಿದೆ.

ಆಗುಂಬೆಯಲ್ಲಿ ಭಟ್ಟರು ನಮ್ಮನ್ನು ಕಂಡೊಡನೆ, "ನಿಶ್ಚಿತಾರ್ಥದ ಹೊತ್ತು ಮೀರಿತಲ್ಲ ಮಾರಾಯ, ಎಂತ ನಿನ್ನ ಹೆದರಿಕೆ!" ಎಂದು ಎಗರಿದರು. ವೀರಪ್ಪ ಮುಂದಿನ ಎಡಚಕ್ರ ಬಿಚ್ಚಿ, ಅವರ ಕೈಯನ್ನೇ ಹಿಡಿದು ಪೈಪಿನ ಮೇಲಿಟ್ಟ. ಮೇಲಿನ ರಬ್ಬರು ಸವೆದು ಹೋಗಿ ಒಳಗಿನ ನೂಲು ಕಾಣುತ್ತಿತ್ತು. ಶೃಂಗೇರಿಯಿಂದ ಅಲ್ಲಿಯವರೆಗಿನ ದಾರಿಯೊಂದೇ ಅಷ್ಟು ತಿಂದಿತ್ತು. ಭಟ್ಟರು ಕೈ ತೆಗೆದವರು ತುಂಬಾ ಹೊತ್ತು ಪಂಚೆಗೆ ಒರೆಸಿಕೊಳ್ಳುತ್ತಲೇ ನಿಂತರು.

ಹೊಸ ಪೈಪು, ಹಳೇ ಟೈರು ಎಲ್ಲ ಹಾಕಿ ಮುಗಿಸುವಾಗ ಮಧ್ಯಾಹ್ನ ಮೂರು ದಾಟಿತ್ತು. ಕ್ಲಿಪ್ಪನ್ನು ವೀರಪ್ಪ ಒಳಕ್ಕೆ ಸರಿಸಿ ಕೂರಿಸಿದ. ಭಟ್ಟರ ತಾಯಿ ಸುಬ್ಬಮ್ಮ ಅಷ್ಟೂ ಹೊತ್ತು ಹೋಟೆಲಿನ ಬೆಂಚಿನ ಮೇಲೆ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತು ನೋಡುತ್ತಿದ್ದರು. ಈಗ ಎದ್ದು ಬಂದರು.

"ಭಾರ ಹಾಕಬೇಡ ಅಂದಿದ್ದು ನಾನೇ ಅಲ್ದನಾ ಮಾಣಿ?" ಎಂದು ಮಗನನ್ನು ಕೇಳಿದರು. ಭಟ್ಟರು ತಲೆ ತಗ್ಗಿಸಿದರು.

"ಎಷ್ಟು ಜನ ಬೇಕು ನಿಂಗೆ, ನಾಗಪ್ಪ?"

"ಐದು ಜನ, ಅಮ್ಮ."

ಸುಬ್ಬಮ್ಮ ಸೀರೆ ಎತ್ತಿ ಹಿಡಿದು ಎಲ್ಲರಿಗಿಂತ ಮೊದಲು ಹತ್ತಿ ಕೂತರು. ಸೊಸೆ, ಮಗಳು, ಮಕ್ಕಳಿಬ್ಬರು ಹತ್ತಿದರು. ಭಟ್ಟರು ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿ ಹಿಡಿದರು, ಬಲಕ್ಕೆ ಪೂರ್ತಿ ತಿರುಗಿಸಿ ಹಿಡಿದರು. ನಾಗಣ್ಣ ರಸ್ತೆಯ ಮೇಲೆ ಮಲಗಿ ಚಕ್ರದ ಹಿಂದೆ ಬೆರಳಿಟ್ಟರು. ಎರಡು ಬೆರಳು ಸಲೀಸಾಗಿ ಹೋದದ್ದು ನಿಂತಲ್ಲಿಂದಲೇ ನನಗೆ ಕಂಡಿತು.

ಆದರೆ ಅವರು ಏಳಲಿಲ್ಲ. ಬಗ್ಗಿ ನೋಡಿದರೆ, ಮುಖವನ್ನು ಟೈರಿಗೆ ಒತ್ತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಸರಿ ಉಂಟಾ ನಾಗಪ್ಪ?" ಎಂದು ಸುಬ್ಬಮ್ಮ ಒಳಗಿನಿಂದ ಕೇಳಿದರು.

ನಾನು ನಾಗಣ್ಣನ ಮುಖ ಕಾಣದ ಹಾಗೆ ಚಕ್ರಕ್ಕೆ ಅಡ್ಡವಾಗಿ ನಿಂತುಕೊಂಡೆ.

"ಇನ್ನೊಂಚೂರು ಕೂತಿರಿ ಅಮ್ಮ" ಎಂದೆ. "ಇನ್ನೊಂದು ಸಲ ನೋಡ್ತಿದಾರೆ."