ಕಂಬಳಿಯ ಮರೆಯಲ್ಲಿ ಮಲ್ಲಿಗೆ ಕಡ್ಡಿ

ಮಾಧವನಗರದ ನರ್ಸರಿಗೆ ಇನ್ನೂ ಬಿಸಿಲು ಬಿದ್ದಿಲ್ಲ. ತಗಡಿನ ಚಪ್ಪರದೊಳಗೆ ದುಂಡವ್ವ ಹೊಸ ಪೊರಕೆಯನ್ನು ಬಕೆಟಿನಲ್ಲಿ ಅದ್ದಿ ಮಲ್ಲಿಗೆ ಕಡ್ಡಿಗಳ ಮೇಲೆ ಕೊಡವುತ್ತಾರೆ. ಎಲೆ ಒದ್ದೆಯಾಗುತ್ತದೆ, ಬುಡದ ಮರಳು ಕೆಸರಾಗುವುದಿಲ್ಲ.

"ಬೇರಿಲ್ಲದ ಕಡ್ಡಿ ನೀರ ಕುಡಿಯೂದ ಹ್ಯಾಂಗ್ರಿ? ಎಲಿ ಬಾಡದಂಗ ನೋಡಕೊಂಡ್ರ ಸಾಕು. ಬುಡಕ್ಕ ಸುರದ್ರ ಕೊಳೀತೈತಿ" ಎನ್ನುತ್ತಾರೆ.

ಸಲಗರೆಯ ಕುರಿಗಾರರ ಮನೆಯಿಂದ ಬಂದು ಮಿರಜಿನಲ್ಲಿ ನೆಲೆಸಿದ ದುಂಡವ್ವ, ಅಲ್ಲಿನ ಸಸಿ ಸಂಘದಲ್ಲಿ ಇಪ್ಪತ್ತು ವರ್ಷ ಕಡ್ಡಿ ನೆಟ್ಟವರು. ದಿನಕ್ಕೆ ಎಂಟುನೂರರವರೆಗೂ ನೆಡುತ್ತಾರೆ. ಕಳೆದ ವರ್ಷ ಆ ಸಂಘ ಮಾಧವನಗರದ ಸಂಘದಲ್ಲಿ ವಿಲೀನವಾಯಿತು, ಮಿರಜಿನ ನರ್ಸರಿ ಮುಚ್ಚಿ ದುಂಡವ್ವ ಇಲ್ಲಿಗೆ ಬಂದರು. ಇಲ್ಲಿ ಕಡ್ಡಿಗಳು ಬೇರು ಬಿಡದಿದ್ದರೆ ಸಸಿಗಳನ್ನು ಹೊರಗಿನಿಂದ ತರಿಸುವುದು, ಕಡ್ಡಿ ನೆಡುವ ಹೆಂಗಸರನ್ನು ಕೆಲಸದಿಂದ ಬಿಡಿಸುವುದು ಎಂದು ಹೊಸ ಮಂಡಳಿ ತಿಳಿಸಿತ್ತು.

ದುಂಡವ್ವ ಇಲ್ಲಿ ಕಡ್ಡಿ ನೆಟ್ಟ ಮೊದಲ ಮಡಿ ಕೈಕೊಟ್ಟಿತು. ಬಾಣಂತಿ ಕೋಣೆಯ ಬಾಗಿಲಿಗೆ ಕಂಬಳಿ ಕಟ್ಟುವುದು ದುಂಡವ್ವನ ಮನೆಯ ರೂಢಿ. ಕಡ್ಡಿಯೂ ಬಾಣಂತಿಯ ಹಾಗೇ ಎಂದು ಮಿರಜಿನಲ್ಲಿ ಬೇವಿನ ಮರದಡಿಯ ಮಡಿಗೂ ಗಾಳಿ ತಾಗದಂತೆ ಸುತ್ತ ಕಂಬಳಿ ಕಟ್ಟುತ್ತಿದ್ದರು. ಮೇಲಿನಿಂದ ಎಲೆಗಳ ಸಂದಿಯಲ್ಲಿ ಬೆಳಕು ಇಳಿಯುತ್ತಿತ್ತು. ಇಲ್ಲಿ ಮೇಲೆ ತಗಡು. ತೆರೆದಿದ್ದ ಒಂದೇ ಬದಿಗೂ ಕರಿ ಕಂಬಳಿ ಬಿತ್ತು. ಎಲೆಗಳು ಹಳದಿಯಾಗಿ ಉದುರಿದವು, ಬೇರು ಬರಲಿಲ್ಲ.

ಮಾಧವನಗರದ ಹಿರಿಯ ಕೆಲಸಗಾರ್ತಿ ಅನುಸೂಯಾಬಾಯಿ ಬಂದು ಕಂಬಳಿ ಎತ್ತಿದರು.

"ಅಗಬಾಯಿ ದುಂಡವ್ವಾ, ಬಾಣಂತಿನ್ನ ಕತ್ತಲಾಗ ಕೊಲ್ಲತಿ ಏನ? ಮುಂಜಾನಿ ಬಿಸಲ ತೋರಸೂದಿಲ್ಲೇನ ನಿಮ್ಮ ಕಡೆ?"

"ತೋರಸ್ತೀವಿ ಮಾವಶಿ. ನಿಮ್ಮಂಗ ಕೊಡಗಟ್ಲೆ ನೀರ ಸುರದು ಮುಳಗಸೂದಿಲ್ಲ, ಅಷ್ಟ."

ಎರಡನೆಯ ಮಡಿಯನ್ನು ಇಬ್ಬರೂ ಸೇರಿ ನೆಟ್ಟರು. ನೀರಿನ ಜವಾಬ್ದಾರಿ ದುಂಡವ್ವನದು, ಬೆಳಕಿನದು ಅನುಸೂಯಾಬಾಯಿಯದು. ಮುಂಜಾನೆ ಕಂಬಳಿಯನ್ನು ಮೇಲಕ್ಕೆ ಸುತ್ತುತ್ತಾರೆ, ಬಿಸಿಲು ಚುರುಗುಟ್ಟಿದಾಗ ಅರ್ಧ ಇಳಿಬಿಡುತ್ತಾರೆ. "ಆ ಕಂಬಳಿ ಸಲವಾಗಿ ಜಗಳ ಆಡಲಾರದ ದಿನಾನ ಇಲ್ರಿ" ಎಂದು ದುಂಡವ್ವ ನಗುತ್ತಾರೆ.

ಇಂದು ಮಂಡಳಿಯ ಸದಸ್ಯ ಗುರುಸಿದ್ಧಪ್ಪ ಮಡಿ ನೋಡಲು ಬಂದಿದ್ದಾರೆ. ಕಡ್ಡಿಗಳು ಚಿಗುರಿವೆ. ಆದರೆ ದುಂಡವ್ವ ಚಿಗುರನ್ನು ನಂಬುವವರಲ್ಲ. ಬೇರಿಲ್ಲದ ಕಡ್ಡಿಯೂ ಒಮ್ಮೆ ಚಿಗುರಿ ಸಾಯುತ್ತದೆ.

"ಬೇರ ಬಂದಾವೇನವ್ವಾ?"

ದುಂಡವ್ವ ಪೊರಕೆ ಕೆಳಗಿಟ್ಟು ಪಕ್ಕಕ್ಕೆ ಸರಿಯುತ್ತಾರೆ. "ನೀವ ಹಗೂರಕ ಎಳದ ನೋಡ್ರಿ."

ಗುರುಸಿದ್ಧಪ್ಪ ಒಂದು ಕಡ್ಡಿ ಹಿಡಿದು ಎಳೆಯುತ್ತಾರೆ. ಬರುವುದಿಲ್ಲ. ಪಕ್ಕದ್ದನ್ನು ಎಳೆಯುತ್ತಾರೆ. ಅದೂ ಬರುವುದಿಲ್ಲ. ಮೂರನೆಯದಕ್ಕೆ ಕೈ ಚಾಚುವಾಗ ದುಂಡವ್ವ ಅಡ್ಡ ಬರುತ್ತಾರೆ.

"ಸಾಕ ಬಿಡ್ರಿ. ಎಳೀ ಬೇರೈತಿ."