ಬೇಳೆ ಬೇಯದ ನೀರು

ಡೊಂಬಿವಲಿಯ ಆ ಕಟ್ಟಡಕ್ಕೆ ಬೋರ್‌ವೆಲ್ಲೂ ನಾನೂ ಒಂದೇ ವರ್ಷ ಬಂದೆವು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುನ್ಸಿಪಾಲಿಟಿ ನೀರು ಬೆಳಿಗ್ಗೆ ಬಂದ ಹಾಗೆ ಮಾಡಿ ಹೋಗುತ್ತಿತ್ತು ಎಂದು ಸೊಸೈಟಿಯವರು ಬೋರ್ ಹಾಕಿಸಿದ್ದರು. ನಾನು ಉಡುಪಿ ಕಡೆಯಿಂದ ಮದುವೆಯಾಗಿ ಬಂದವಳು. ಮನೆಯಲ್ಲಿ ಏನು ಕೆಟ್ಟರೂ ಹೊಸ ನೀರಿನ ಮೇಲೆ ಯಾರ ಅನುಮಾನವೂ ಹೋಗಲಿಲ್ಲ, ನೇರ ನನ್ನ ತಲೆಗೇ ಬಂತು.

ನಾನಿಟ್ಟ ತೊಗರಿಬೇಳೆ ಬೇಯುತ್ತಿರಲಿಲ್ಲ. ಸೀಮೆಎಣ್ಣೆ ಮುಗಿಯುವವರೆಗೆ ಕುದಿಸಿದರೂ ಸಾರಿನ ತಳದಲ್ಲಿ ಜಲ್ಲಿಯ ಹಾಗೆ ಕೂತಿರುತ್ತಿತ್ತು. ಕುಕ್ಕರ್ ಇನ್ನೂ ನಮ್ಮ ಮನೆಗೆ ಬಂದಿರಲಿಲ್ಲ. ಪಕ್ಕದ ಮನೆಯ ಮರಾಠಿ ಹೆಂಗಸು, "ಅಗಂ, ಚಿಮೂಟಭರ ಸೋಡಾ ಟಾಕ್ ನಾ" ಎಂದು ಒಂದು ಚಿಟಿಕೆ ಸೋಡಾ ಹಾಕಲು ಹೇಳಿದಳು. ಅದು ಅತ್ತೆಯ ಕಿವಿಗೆ ಬಿತ್ತು.

"ಸೋಡಾ ಹಾಕ್ಲಿಕ್ಕೆ ಇದೆಂತ ಹೋಟ್ಲಾ?" ಎಂದು ಅಂದಿಡೀ ಗೊಣಗಿದರು.

ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಬೇರೆ ಕಾರಣಕ್ಕೆ. ತಿಂಗಳಿಗೊಮ್ಮೆ ನಾನು ಹೊರಗೆ ಕೂರುವ ಮೂರು ದಿನ ಅಡುಗೆ ಅತ್ತೆಯದು. ಅದೇ ಡಬ್ಬಿಯ ಬೇಳೆ, ಅದೇ ಸ್ಟೌವ್, ಆದರೆ ಅವರ ಕೈಯಲ್ಲಿ ಬೇಳೆ ಬೆಣ್ಣೆಯ ಹಾಗೆ ಕರಗುತ್ತಿತ್ತು. ನಾನು ಬಾಲ್ಕನಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತು ಆ ಪರಿಮಳ ಕುಡಿಯಬೇಕು. "ನೋಡು ಮಾರಾಯ್ತಿ, ನೀನು ಒಲೆ ಮುಟ್ಟದಿದ್ರೆ ಬೇಳೆ ತನ್ನಿಂದ ತಾನೇ ಬೇಯ್ತದೆ. ಕೈಗುಣ ಹೇಳಿದ್ರೆ ಅದು" ಎಂದು ಅತ್ತೆ ಒಳಗಿಂದಲೇ ಕೂಗಿ ಹೇಳುತ್ತಿದ್ದರು. ನನ್ನವರು ಸಾರನ್ನು ಮತ್ತೆ ಮತ್ತೆ ಬಡಿಸಿಕೊಂಡು ಉಣ್ಣುತ್ತಿದ್ದರು. ಬಾಯಿ ಮಾತ್ರ ಊಟಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ತೆರೆಯುತ್ತಿರಲಿಲ್ಲ.

ಕಡೆಗೆ ಮಾವನೇ ಹೇಳಿದರು: "ಊರಿಗೆ ಕಳಿಸುವಾ. ಅಡಿಗೆ ಕಲ್ತು ಬರ್ಲಿ. ಅವಸರ ಎಂತದೂ ಇಲ್ಲ."

ಅವಸರ ಇಲ್ಲ! ಹಾಗೆ ಕಳಿಸಿದ ಹುಡುಗಿಯೊಬ್ಬಳು ನಮ್ಮ ಊರಿನಲ್ಲೇ ಇದ್ದಳು. ಅವಳನ್ನು ಕರೆದೊಯ್ಯಲು ಗಂಡನ ಮನೆಯಿಂದ ಯಾರೂ ಬರಲೇ ಇಲ್ಲ, ಅವಳು ಅಣ್ಣಂದಿರ ಮಕ್ಕಳ ಬಟ್ಟೆ ಒಗೆಯುತ್ತ ಉಳಿದಳು. ಅವಳ ನೆನಪಾಗಿ ನಾನು ಅಂದೇ ಅಣ್ಣನಿಗೆ ಕಾಗದ ಬರೆದೆ.

ನನ್ನ ಅಣ್ಣ ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದ. ಬಾಯ್ಲರಿಗೆ ಹೋಗುವ ನೀರನ್ನು ಪರೀಕ್ಷೆ ಮಾಡುವುದು ಅವನ ದಿನದ ಕೆಲಸ. ವಿಷಯ ಕೇಳಿ ಬಂದವನು, "ನೀರಲ್ಲಿ ಕಾರ್ಬೊನೇಟ್ ಗಡಸು, ಅಂದ್ರೆ ಸುಣ್ಣದ ಅಂಶ, ಹೆಚ್ಚಿದ್ರೆ ಬೇಳೆ ಬೇಯುದಿಲ್ಲ ಅತ್ತೆ. ಒಂದು ಬಾಟ್ಲಿ ನೀರು ಕೊಡಿ, ನೋಡುವಾ" ಎಂದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಅತ್ತೆ. ಆದರೂ ಒಳಗೆ ಹೋಗಿ ಬಾಟಲಿ ತಾವೇ ತುಂಬಿ ತಂದುಕೊಟ್ಟರು.

ಮುಂದಿನ ಭಾನುವಾರ ಅಣ್ಣ ಬಂದ. ನನ್ನ ಮುಖ ನೋಡಲಿಲ್ಲ. "ನೀರು ಒಳ್ಳೆದೇ ಉಂಟು. ಗಡಸು ಇಲ್ಲ ಹೇಳಿಯೇ ಹೇಳ್ಬಹುದು" ಎಂದ.

ಮಾವ ಪೇಪರ್ ಮಡಚಿದರು. "ಹಾಗಾದ್ರೆ ಆಯ್ತಲ್ಲ. ಇವತ್ತೇ ತಂಗಿಯನ್ನು ಕರ್ಕೊಂಡು ಹೋಗು."

ಯಾರೂ ಹೇಳದೆಯೇ ನನ್ನವರು ಸ್ಟೂಲ್ ಹತ್ತಿ ಅಟ್ಟದ ಮೇಲಿಂದ ನನ್ನ ಟ್ರಂಕ್ ಇಳಿಸಿದರು. ನಾನು ಸೀರೆ ಮಡಚತೊಡಗಿದೆ. ಇವರೆಲ್ಲರ ಮೇಲೆ, ಅಣ್ಣನ ಮೇಲೂ, ಬೆಂಕಿಯಂಥ ಸಿಟ್ಟು ಬಂದಿತ್ತು. ಗೆದ್ದ ಖುಷಿಯಲ್ಲಿ ಅತ್ತೆಯ ಮಾತು ಮಾತ್ರ ನಿಲ್ಲಲಿಲ್ಲ.

"ನಮ್ಮ ಮನೆ ನೀರಿಗೆ ಎಂತ ಆಗ್ತದೆ? ನಾಲ್ಕು ಜನ ನೋಡುವ ನೀರು ಅಂತ ನಾನೇ ಕುದಿಸಿ, ಆರಿಸಿ, ಮಡಿಬಟ್ಟೆಯಲ್ಲಿ ಸೋಸಿ ಕೊಟ್ಟದ್ದು. ಹಸಿನೀರು ಕಳಿಸಿದ್ರೆ ಮರ್ಯಾದೆ ಉಂಟಾ?"

ಅಣ್ಣ ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟ. "ಕುದಿಸಿದ್ದಾ? ಅಯ್ಯೋ ದೇವ್ರೇ! ಅತ್ತೆ, ಆ ಗಡಸು ಕುದಿಸಿದ್ರೆ ಹೋಗ್ತದೆ. ಪಾತ್ರೆಯ ತಳದಲ್ಲಿ ಬೆಳ್ಳಗೆ ಕೂತ್ಕೊಳ್ತದೆ. ಬೇಳೆ ಹಾಕಿಯೇ ಕುದಿಸಿದ್ರೆ ಬೇಳೆಗೇ ಹಿಡಿತದೆ. ನೀವು ಬೇಳೆ ಬೇಯಿಸುದು ಯಾವ ನೀರಲ್ಲಿ?"

ಆಗ ನನಗೆ ಹೊಳೆಯಿತು. ಕಾಮಾಲೆಯ ಭಯಕ್ಕೆ ಅತ್ತೆ ದಿನಾ ಒಂದು ಕೊಡ ನೀರು ಕುದಿಸಿಡುತ್ತಿದ್ದರು. ಅದು ಕುಡಿಯಲಿಕ್ಕೆ ಮತ್ತು ದೇವರಿಗೆ, ಅಡುಗೆಗೆ ನಾನದನ್ನು ಮುಟ್ಟುವಂತಿಲ್ಲ. ನನ್ನ ಅಡುಗೆ ಡ್ರಮ್ಮಿನಲ್ಲಿ ತುಂಬಿಟ್ಟ ಹಸಿ ಬೋರ್ ನೀರಲ್ಲಿ. ಆದರೆ ನಾನು ಹೊರಗೆ ಕೂತಾಗ ನಾನು ತುಂಬಿಸಿದ ಡ್ರಮ್ಮೇ ಮೈಲಿಗೆ! ಅತ್ತೆ ಅದನ್ನು ಮುಟ್ಟದೆ ತಮ್ಮ ಕೊಡದ ನೀರಲ್ಲೇ ಬೇಳೆಗಿಡುತ್ತಿದ್ದರು. ಇದನ್ನು ನಾನು ಎಲ್ಲರೆದುರು ಗಟ್ಟಿಯಾಗಿ ಹೇಳಿದೆ. ಆ ಮನೆಯಲ್ಲಿ ನನ್ನ ದನಿ ಅಷ್ಟು ಏರಿದ್ದು ಅದೇ ಮೊದಲು.

ಫಲಿತಾಂಶದ ಮೇಲೆ ತನಗೇ ನಂಬಿಕೆ ಬಾರದೆ ಅಣ್ಣ ಆಸಿಡ್ಡನ್ನೂ ಪರೀಕ್ಷೆಗೆ ಹಾಕುವ ಬಣ್ಣದ ಸೀಸೆಯನ್ನೂ ಚೀಲದಲ್ಲಿ ತಂದಿದ್ದ. ಎರಡು ಗಾಜಿನ ಲೋಟ ಇಟ್ಟ. ಕೊಡದ ನೀರು ಬಣ್ಣ ಹಾಕಿದೊಡನೆ ಹಳದಿಯಾಯಿತು, ಆಸಿಡ್ಡಿನ ಕೆಲವೇ ಹನಿಗೆ ಕೆಂಪಗೆ ತಿರುಗಿತು. ಗಡಸಿದ್ದಷ್ಟೂ ಹನಿ ಹೆಚ್ಚು ಬೇಕು ಎಂದು ಹೇಳಿ ಡ್ರಮ್ಮಿನ ನೀರಿಗೆ ಹಾಕತೊಡಗಿದ. ಕೆಂಪಾಗಬೇಡ, ಕೆಂಪಾಗಬೇಡ ಎಂದು ನಾನು ಲೋಟಕ್ಕೆ ಕೈಮುಗಿಯುವುದೊಂದು ಬಾಕಿ. ಹನಿ ಬಿದ್ದೇ ಬಿತ್ತು, ನೀರು ಹಳದಿಯಾಗಿಯೇ ಇತ್ತು. ಮಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಹಾಗಾದ್ರೆ ನಾಳೆಯಿಂದ ಬೇಳೆಗೂ ಸೇರಿಸಿ ಕುದಿಸಿಡು" ಎಂದರು ಅತ್ತೆ. ಅಷ್ಟೇ. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ?

ಅಣ್ಣ ಹೋದ ಮೇಲೆ ಸೀರೆಗಳನ್ನು ಮತ್ತೆ ಕಪಾಟಿಗೆ ಜೋಡಿಸುತ್ತ ನನ್ನವರನ್ನು ಕೇಳಿದೆ: "ಆ ಎರಡನೇ ಲೋಟವೂ ಬೇಗ ಕೆಂಪಾಗಿದ್ರೆ ನೀವೇನು ಮಾಡ್ತಿದ್ರಿ?"

ಅವರು ನಿಜವಾಗಿಯೂ ಯೋಚಿಸಿದರು.

"ಸ್ಟೇಷನ್‌ವರೆಗೆ ಟ್ರಂಕ್ ನಾನೇ ಹೊತ್ತು ತರ್ತಿದ್ದೆ. ನಿನಗೆ ಭಾರ ಆಗ್ತದಲ್ಲ" ಎಂದರು. ಪ್ರೀತಿಯಿಂದಲೇ ಹೇಳಿದರು.